ಹಕ್ಕಿಗಳಿಗೊಂದು ಅರವಟ್ಟಿಗೆ

ಚೈತ್ರಮಾಸ ಕಾಲಿಟ್ಟಿತೆಂದರೆ ನಮ್ಮ ಊರೂರುಗಳಲ್ಲಿ ಅರವಟ್ಟಿಗೆಗಳು ತಲೆಯೆತ್ತುವುದು ಬಹು ಹಿಂದಿನಿಂದ ನಡೆದು ಬಂದ ಪದ್ಧತಿ. ದಾರಿಯ ಬದಿಯ ಮರದ ನೆರಳಿನಲ್ಲಿ ಮರಳಿನ ಹಾಸು. ಅದರ ಮೇಲೆ ಹೊಸ ಮಣ್ಣಿನ ಹರವಿ. ಹರವಿಯ ಬಾಯಿಗೆ ಒಂದು ಮುಚ್ಚಳ, ಮುಚ್ಚಳದ ಮೇಲೊಂದು ಲೋಟ. ರಾಮನವಮಿಯ ದಿನ ನೀರಿನೊಡನೆ ಪಾನಕ, ನೀರುಮಜ್ಜಿಗೆಗಳೂ ಸೇರುತ್ತವೆ. ನಮ್ಮ ಹಳೆಯ ಶಾಸನಗಳಲ್ಲಿಯೂ ಅರವಂಟಿಗೆಯ ಹೆಸರು ಬರುತ್ತದೆ. ಬಿಸಿಲಿನ ನಾಡಿನಲ್ಲಿ ನೀರು ಕೊಡುವುದಕ್ಕಿಂತ ದೊಡ್ಡ ಉಪಕಾರವಿಲ್ಲವೆಂಬುದನ್ನು ಹಿರಿಯರು ಅನುಭವದಿಂದ ಬಲ್ಲವರಾಗಿದ್ದರು.

ಇಂತಹ ಅರವಟ್ಟಿಗೆಯೊಂದನ್ನು ಹಕ್ಕಿಗಳಿಗಾಗಿ ನಮ್ಮ ಮನೆಯ ಅಂಗಳದಲ್ಲಿಯೋ, ತಾರಸಿಯ ಮೇಲೆಯೋ ಕಟ್ಟಿಕೊಡುವುದು ಹೇಗೆಂಬುದೇ ಈ ಲೇಖನದ ವಿಷಯ. ಇದಕ್ಕೆ ಹಣ ಬೇಕಾಗಿಲ್ಲ. ಪ್ರತಿಯೊಂದು ಮನೆಯ ಅಟ್ಟದ ಮೇಲೆ ಅಥವಾ ಹಿತ್ತಿಲಿನ ಮೂಲೆಯಲ್ಲಿ ಒಡೆದ ಹೂಕುಂಡ, ಬಿರುಕು ಬಿಟ್ಟ ಹರವಿ, ಹಿಡಿ ಮುರಿದ ಬಾಣಲೆ, ಕಾಲು ಕುಂಟಾದ ಮುಕ್ಕಾಲಿ, ಉಪಯೋಗ ತಪ್ಪಿದ ಒರಳುಕಲ್ಲು ಇವುಗಳಲ್ಲಿ ಒಂದಲ್ಲ ಒಂದು ಬಿದ್ದಿರುತ್ತದೆ. ಇಲ್ಲದಿದ್ದರೆ ಗುಜರಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಆದರೆ ಕೈಗೆ ಸಿಕ್ಕಿದ ಪಾತ್ರೆಗೆ ನೀರು ತುಂಬಿಟ್ಟ ಮಾತ್ರಕ್ಕೆ ಅದು ಅರವಟ್ಟಿಗೆಯಾಗುವುದಿಲ್ಲ. ಕೆಲವು ವೇಳೆ ಅದು ಬಲೆಯೇ ಆಗಬಹುದು. ಇದನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ನನ್ನದೇ ಒಂದು ತಪ್ಪಿನಿಂದ.

ಒಂದು ತಪ್ಪು

ಬಳ್ಳಾರಿಗೆ ಬಂದ ಮೊದಲನೆಯ ಬೇಸಗೆಯಲ್ಲಿ ನಡೆದ ಸಂಗತಿಯಿದು. ಬಂಡೆಯ ಗುಡ್ಡಗಳ ನಡುವೆ ಇರುವ ಈ ಊರಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಹೇಗಿರುತ್ತದೆಂಬುದನ್ನು ಇಲ್ಲಿದ್ದವರೇ ಬಲ್ಲರು. ನಮ್ಮ ತಾರಸಿಯ ಕೈಪಿಡಿಗೋಡೆಯ ಮೇಲೆ ಕಾಗೆಗಳು ಕೊಕ್ಕು ತೆರೆದುಕೊಂಡು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದುಕೊಂಡು ಏದುತ್ತ ಕುಳಿತಿರುತ್ತಿದ್ದವು. ಅವುಗಳ ಅವಸ್ಥೆಯನ್ನು ಕಂಡು ಮರುಗಿ, ಬಟ್ಟೆ ನೆನೆಯಿಡಲು ಹಿಂದೆ ಉಪಯೋಗಿಸುತ್ತಿದ್ದ ಹಳೆಯ ತಗಡಿನ ತೊಟ್ಟಿಯೊಂದನ್ನು ತಾರಸಿಯ ಮೇಲಿರಿಸಿದೆನು. ಎರಡು ದಿನ ಊರಿಗೆ ಹೋಗಬೇಕಾಗಿದ್ದಿತು. ಅಷ್ಟರಲ್ಲಿ ನೀರು ಬತ್ತದಿರಲೆಂದು ತೊಟ್ಟಿಯನ್ನು ಅರ್ಧಕ್ಕೂ ಮೇಲೆ ತುಂಬಿಸಿದೆನು. ಒಳ್ಳೆಯ ಕೆಲಸವೊಂದನ್ನು ಮಾಡಿದೆನೆಂಬ ಸಮಾಧಾನದಿಂದಲೇ ಊರಿಗೆ ಹೊರಟೆನು.

ಮರಳಿ ಬಂದ ದಿನ ಬೆಳಗ್ಗೆ ಗೊರವಂಕಗಳೆರಡು ತಾರಸಿಯ ಮೇಲೆ ಕರ್ಕಶವಾಗಿ ಕೂಗುತ್ತಿದ್ದವು. ಬೆಕ್ಕು ಬಂದಿರಬೇಕೆಂದು ಮೇಲೆ ಹತ್ತಿದೆನು. ಬೆಕ್ಕು ಇರಲಿಲ್ಲ. ತೊಟ್ಟಿಯ ನೀರಿನಲ್ಲಿ, ಆಗ ತಾನೇ ಗೂಡು ಬಿಟ್ಟು ಹಾರಲು ಕಲಿಯುತ್ತಿದ್ದ ಗೊರವಂಕದ ಮರಿಯೊಂದು ಸತ್ತು ತೇಲುತ್ತಿದ್ದಿತು. ಬಾಯಾರಿ ಅಂಚಿನ ಮೇಲೆ ಕುಳಿತು, ಕೆಳಗಿದ್ದ ನೀರಿಗೆ ಬಾಗಿ, ನುಣುಪಾದ ತಗಡಿನ ಮೇಲೆ ಉಗುರು ನಿಲ್ಲದೆ ಜಾರಿರಬೇಕು. ಒದ್ದೆಯಾದ ಗರಿಗಳ ಭಾರದಿಂದ ಮೇಲೇಳಲಾರದೆ, ಹತ್ತಲು ಆಸರೆಯೂ ಇಲ್ಲದೆ ಮುಳುಗಿರಬೇಕು. ತಾಯಿತಂದೆಗಳು ನಾನು ಅದನ್ನು ತೆಗೆದು ಮಣ್ಣಿನಲ್ಲಿ ಹೂಳುವವರೆಗೂ ಕೂಗುತ್ತಲೇ ಇದ್ದವು.

ಭೌತಶಾಸ್ತ್ರವನ್ನು ಪಾಠ ಹೇಳುವವನಿಗೆ ಘರ್ಷಣೆಯೆಂದರೇನು, ಇಳಿಜಾರೆಂದರೇನು ಎಂಬುದು ತಿಳಿಯದ ವಿಷಯವೇನಲ್ಲ. ತಿಳಿದದ್ದನ್ನು ಹಕ್ಕಿಯ ಕಾಲಿನ ಅಳತೆಗೆ ತಂದು ಯೋಚಿಸಲಿಲ್ಲವೆಂಬುದಷ್ಟೇ ನನ್ನ ತಪ್ಪು. ಆ ಯೋಚನೆಯನ್ನು ಈಗ ವಾಚಕರ ಮುಂದಿಡುತ್ತೇನೆ.

ಹಕ್ಕಿಗೆ ನೀರೇಕೆ ಬೇಕು

ಹಕ್ಕಿಯ ಮೈಯ ಉಷ್ಣತೆ ನಮ್ಮದಕ್ಕಿಂತ ಹೆಚ್ಚು. ಸಾಮಾನ್ಯವಾಗಿ ಅದು 40ರಿಂದ 42 ಡಿಗ್ರಿ ಸೆಂಟಿಗ್ರೇಡಿನಷ್ಟು ಇರುತ್ತದೆ. ಸುತ್ತಲಿನ ಗಾಳಿ ಇದಕ್ಕಿಂತ ತಂಪಾಗಿರುವವರೆಗೆ, ಮೈಯೊಳಗೆ ಹುಟ್ಟಿದ ಶಾಖ ತಾನಾಗಿಯೇ ಹೊರಕ್ಕೆ ಹರಿಯುತ್ತದೆ. ಏಕೆಂದರೆ ಶಾಖವು ಬಿಸಿಯಾದ ವಸ್ತುವಿನಿಂದ ತಂಪಾದ ವಸ್ತುವಿನ ಕಡೆಗೆ ಹರಿಯುವುದು ಪ್ರಕೃತಿಯ ನಿಯಮ. ಆದರೆ ಬಳ್ಳಾರಿ, ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಆಗ ಈ ಬಾಗಿಲು ಮುಚ್ಚಿದಂತಾಗುತ್ತದೆ. ಬಿಸಿಲಿಗೆ ಕಾದ ಬಂಡೆ, ಗೋಡೆ, ತಾರಸಿಗಳು ಗಾಳಿಗಿಂತಲೂ ಬಿಸಿಯಾಗಿದ್ದು, ಹಕ್ಕಿಗೇ ಶಾಖವನ್ನು ಕೊಡತೊಡಗುತ್ತವೆ.

ಇಂತಹ ಸಮಯದಲ್ಲಿ ಉಳಿಯುವ ದಾರಿ ಒಂದೇ. ಅದು ನೀರನ್ನು ಆವಿಯಾಗಿಸುವುದು. ದ್ರವವು ಆವಿಯಾಗುವಾಗ ಸುತ್ತಲಿನಿಂದ ಹೀರಿಕೊಳ್ಳುವ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. ಬೇಸಗೆಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕಾಗುತ್ತದೆ. ನಾವು ಬೆವರಿ ಈ ಉಪಾಯವನ್ನು ಸಾಧಿಸುತ್ತೇವೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಅವು ಕೊಕ್ಕು ತೆರೆದು ಏದುವುದರ ಮೂಲಕ ಬಾಯಿ, ಗಂಟಲು, ಶ್ವಾಸನಾಳಗಳ ತೇವವನ್ನು ಆವಿಯಾಗಿಸಿ ತಮ್ಮ ಮೈಯನ್ನು ತಂಪು ಮಾಡಿಕೊಳ್ಳುತ್ತವೆ. ಚರ್ಮದ ಮೂಲಕವೂ ಅಷ್ಟಿಷ್ಟು ತೇವ ಆವಿಯಾಗುತ್ತದೆ.

ಇದರ ಬೆಲೆಯೇನೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಗುಬ್ಬಚ್ಚಿಯ ತೂಕ ಸುಮಾರು 25 ಗ್ರಾಂ ಎಂದಿಟ್ಟುಕೊಳ್ಳೋಣ. ಅದು ಏದಿ ಏದಿ ಒಂದು ಗ್ರಾಂ ನೀರನ್ನು ಕಳೆದುಕೊಂಡರೆ ತನ್ನ ತೂಕದ ಇಪ್ಪತ್ತೈದನೆಯ ಒಂದು ಭಾಗವನ್ನು ಕಳೆದುಕೊಂಡಂತಾಯಿತು. 60 ಕಿಲೋಗ್ರಾಂ ತೂಕದ ಮನುಷ್ಯನೊಬ್ಬ ಸುಮಾರು 2.4 ಲೀಟರ್ ಬೆವರನ್ನು ಸುರಿಸಿದುದಕ್ಕೆ ಇದು ಸಮ. ಮೇಲಾಗಿ ಗಾತ್ರ ಚಿಕ್ಕದಾದಂತೆ, ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ದೊಡ್ಡದಾಗುತ್ತ ಹೋಗುವುದರಿಂದ, ಸಣ್ಣ ಹಕ್ಕಿಗಳು ಬಿಸಿಲಿಗೆ ಬೇಗನೆ ಕಾಯುತ್ತವೆ, ಬೇಗನೆ ಒಣಗುತ್ತವೆ. ನಮ್ಮ ಅಂಗಳದ ಒಂದು ಬಟ್ಟಲು ನೀರು ಅವುಗಳಿಗೆ ಆಟದ ಸಾಮಾನಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೀಯುವುದೂ ಬರಿಯ ವಿನೋದವಲ್ಲ. ನೀರಿನಲ್ಲಿ ಮಿಂದು, ಧೂಳು ಕಳೆದು, ಬಳಿಕ ಕೊಕ್ಕಿನಿಂದ ಒಂದೊಂದೇ ಗರಿಯನ್ನು ತೀಡಿ ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಸವರಿಕೊಂಡಾಗಲೇ ಗರಿಗಳು ಹಾರಾಟಕ್ಕೂ, ಬಿಸಿಲು ಮಳೆಗಳ ರಕ್ಷಣೆಗೂ ಯೋಗ್ಯವಾಗಿ ಉಳಿಯುವುದು.

ಯಾವ ಪಾತ್ರೆ ತಕ್ಕದ್ದು

ಹಕ್ಕಿ ಮೀಯುವ ಬಟ್ಟಲಿಗೆ ಮೂರು ಗುಣಗಳು ಇರತಕ್ಕದ್ದು: ಆಳ ಕಡಿಮೆಯಿರಬೇಕು, ಕಾಲಿಗೆ ಹಿಡಿತ ಸಿಕ್ಕಬೇಕು, ನೀರು ಕಾಯಬಾರದು.

ಮೊದಲನೆಯದಾಗಿ ಆಳ. ಗುಬ್ಬಚ್ಚಿ, ಪಿಕಳಾರಗಳಂತಹ ಹಕ್ಕಿಗಳು ಮೀಯುವುದು ನಿಂತುಕೊಂಡು, ಈಜಿಕೊಂಡಲ್ಲ. ಗುಬ್ಬಚ್ಚಿಯ ಕಾಲಿನ ಗರಿಯಿಲ್ಲದ ಭಾಗ ಸುಮಾರು ಎರಡು ಸೆಂಟಿಮೀಟರ್ ಮಾತ್ರ. ಆದುದರಿಂದ ಅಂಚಿನ ಬಳಿ ಒಂದು ಸೆಂಟಿಮೀಟರ್, ನಡುವೆ ಮೂರು, ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್ ನೀರು ಸಾಕು. ಕಾಗೆ, ಪಾರಿವಾಳಗಳಿಗೂ ಇದು ಸಾಲುತ್ತದೆ. ಕೊಡ, ಬಕೀಟು, ಆಳವಾದ ಬೋಗುಣಿಗಳು ಈ ಕೆಲಸಕ್ಕೆ ಎಂದಿಗೂ ಸಲ್ಲವು.

ಎರಡನೆಯದು ಹಿಡಿತ. ಸ್ಟೇನ್‌ಲೆಸ್ ಸ್ಟೀಲಿನ ಪರಾತ, ಪಿಂಗಾಣಿಯ ತಟ್ಟೆ, ಗಾಜಿನ ದೀಪದ ಬುರುಡೆ ಇವೆಲ್ಲ ನೋಡಲು ಸೊಗಸಾದರೂ ನೀರು ಬಿದ್ದೊಡನೆ ಜಾರುತ್ತವೆ. ಇವುಗಳನ್ನೇ ಬಳಸಬೇಕಾದರೆ ಒಳಗೆ ಒರಟಾದ ಚಪ್ಪಟೆ ಕಲ್ಲುಗಳನ್ನು ಹಾಸಿ, ಒಂದಾದರೂ ಕಲ್ಲು ನೀರಿನಿಂದ ಮೇಲೆ ತಲೆಯೆತ್ತಿರುವಂತೆ ಮಾಡಬೇಕು.

ಮೂರನೆಯದು ಕಾಯುವಿಕೆ. ಬೇಸಗೆಯ ನಡುಹಗಲಿನಲ್ಲಿ ನೆತ್ತಿಯ ಮೇಲಿನ ಸೂರ್ಯನಿಂದ ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಶಕ್ತಿ ಬಂದು ಬೀಳುತ್ತದೆ. 30 ಸೆಂಟಿಮೀಟರ್ ಅಗಲದ ಬಟ್ಟಲಿನ ಬಾಯಿ ಒಂದು ಚದರ ಮೀಟರಿನ ನೂರರಲ್ಲಿ ಏಳು ಭಾಗದಷ್ಟಾಗುವುದರಿಂದ, ಅದರ ಮೇಲೆ ಬೀಳುವುದು ಸುಮಾರು 70 ವಾಟ್. ಇದರಲ್ಲಿ ಒಂದು ಪಾಲು ಪ್ರತಿಫಲಿಸಿ ಹೋದರೂ, ಆಳವಿಲ್ಲದ ನೀರು ಕಾಯಲು ಉಳಿದದ್ದು ಧಾರಾಳವಾಗಿ ಸಾಕು. ಲೋಹವಾದರೋ ಶಾಖವನ್ನು ಬಹು ಸುಲಭವಾಗಿ ಸಾಗಿಸುತ್ತದೆ. ನೀರಿನಿಂದ ಹೊರಗಿರುವ ಅದರ ಅಂಚು ಬಿಸಿಲಿನಲ್ಲಿ ಕೈಯಿಡಲಾಗದಷ್ಟು ಸುಡುತ್ತದೆ. ಹಕ್ಕಿ ಮೊದಲು ಕಾಲಿಡುವುದು ಆ ಅಂಚಿನ ಮೇಲೆಯೇ ಅಲ್ಲವೆ?

ಇನ್ನು ಕೆಲವು ಪಾತ್ರೆಗಳನ್ನು ಬೇರೆ ಕಾರಣಗಳಿಂದ ಬಿಡತಕ್ಕದ್ದು. ಬಣ್ಣದ ಡಬ್ಬಿಗಳು, ಕೀಟನಾಶಕವಿದ್ದ ಡಬ್ಬಿಗಳು ಎಷ್ಟು ತೊಳೆದರೂ ಬೇಡ. ಹಸಿರು ಕಿಲುಬು ಹಿಡಿದ ತಾಮ್ರ ಹಿತ್ತಾಳೆಗಳೂ ಬೇಡ. ಹಳೆಯ ಬಣ್ಣ ಹೊಪ್ಪಳಿಕೆಯೇಳುತ್ತಿರುವ ಸಾಮಾನುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಹಿಂದಿನ ಬಣ್ಣಗಳಲ್ಲಿ ಸೀಸವಿರುತ್ತಿದ್ದಿತು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣ ಬಳಿದ ವಸ್ತುಗಳನ್ನು ಪೀಠವಾಗಿ ಬಳಸಿದರೂ ನೀರಿಗೆ ತಾಗಿಸಬಾರದು.

ಮಣ್ಣಿನ ಹಿರಿಮೆ

ಇಷ್ಟೆಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದು ಎಲ್ಲಕ್ಕಿಂತ ಅಗ್ಗದ ವಸ್ತು, ಸುಟ್ಟ ಮಣ್ಣು. ಹೂಕುಂಡದ ಕೆಳಗಿಡುವ ಅಗಲವಾದ ತಟ್ಟೆ ಅಥವಾ ಒಡೆದ ದೊಡ್ಡ ಹರವಿಯ ತಳ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಮೈ ಒರಟು. ಆದುದರಿಂದ ಕಾಲು ಜಾರದು. ಹರವಿಯ ತಳಕ್ಕೆ ಸಹಜವಾಗಿಯೇ ಇಳಿಜಾರು ಇದೆ. ಆದುದರಿಂದ ಅಂಚಿನಿಂದ ನಡುವಿಗೆ ಆಳ ಮೆಲ್ಲಮೆಲ್ಲನೆ ಹೆಚ್ಚುತ್ತದೆ.

ಮೂರನೆಯ ಗುಣವನ್ನು ಪ್ರತಿ ಬೇಸಗೆಯಲ್ಲಿಯೂ ನಾವೆಲ್ಲ ಕುಡಿದು ಬಲ್ಲೆವು. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳಿವೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ನೀರು ಈ ರಂಧ್ರಗಳಲ್ಲಿ ಹಾದು ಹೊರಮೈಗೆ ಬಂದು ಅಲ್ಲಿ ಆವಿಯಾಗುತ್ತದೆ. ಹಾಗೆ ಆವಿಯಾದ ಒಂದೊಂದು ಗ್ರಾಂ ನೀರೂ ಉಳಿದ ನೀರಿನಿಂದ ಶಾಖವನ್ನು ಸೆಳೆದುಕೊಳ್ಳುತ್ತದೆ. ಹೊರಗಿನಿಂದ ಶಾಖವೇನೂ ಒಳಗೆ ಬಾರದಿದ್ದರೆ, 580 ಕ್ಯಾಲೊರಿಗಳು ಹೋದುದರಿಂದ 58 ಗ್ರಾಂ ನೀರು ಹತ್ತು ಡಿಗ್ರಿ ತಣಿಯಬಲ್ಲದು.

ಆದರೆ ಈ ತಣಿವಿಗೂ ಒಂದು ಎಲ್ಲೆಯುಂಟು. ಉಷ್ಣತಾಮಾಪಕದ ಬುರುಡೆಗೆ ಒದ್ದೆಬಟ್ಟೆ ಸುತ್ತಿ ಗಾಳಿಯಲ್ಲಿ ಹಿಡಿದರೆ ಅದು ಎಷ್ಟಕ್ಕೆ ಇಳಿಯುವುದೋ, ಅದಕ್ಕಿಂತ ಕೆಳಗೆ ಮಡಕೆಯ ನೀರೂ ಇಳಿಯಲಾರದು. ಗಾಳಿ 40 ಡಿಗ್ರಿಯಿದ್ದು ತೇವಾಂಶ ಶೇಕಡ 20ರಷ್ಟಿರುವ ಬಯಲುಸೀಮೆಯ ಮಧ್ಯಾಹ್ನದಲ್ಲಿ ಈ ಎಲ್ಲೆ ಸುಮಾರು 23 ಡಿಗ್ರಿ. ಗಾಳಿ 34 ಡಿಗ್ರಿಯಿದ್ದು ತೇವಾಂಶ ಶೇಕಡ 65ರಷ್ಟಿರುವ ಕರಾವಳಿಯ ದಿನದಲ್ಲಿ ಅದು ಸುಮಾರು 28 ಡಿಗ್ರಿ. ಬಳ್ಳಾರಿಯ ಮಡಕೆಯ ನೀರು ಮಂಗಳೂರಿನ ಮಡಕೆಯ ನೀರಿಗಿಂತ ಹೆಚ್ಚು ತಂಪಾಗಿರಬಲ್ಲದೆಂಬುದು ಸೋಜಿಗವಾದರೂ ನಿಜ. ಬಾಯಿ ತೆರೆದ ಬಟ್ಟಲು ಈ ಎಲ್ಲೆಯನ್ನು ಪೂರ್ತಿಯಾಗಿ ಮುಟ್ಟುವುದಿಲ್ಲ. ಆದರೂ ನೆರಳಿನಲ್ಲಿದ್ದರೆ ಸುತ್ತಲಿನ ಗಾಳಿಗಿಂತ ಚೆನ್ನಾಗಿ ತಣ್ಣಗಿರುತ್ತದೆ. ನಂಬದವರು ಒಂದೇ ಅಳತೆಯ ನೀರನ್ನು ಸ್ಟೀಲಿನ ತಟ್ಟೆಯಲ್ಲಿಯೂ ಮಣ್ಣಿನ ತಟ್ಟೆಯಲ್ಲಿಯೂ ಹಾಕಿ, ಬೆಳಗಿನ ಎಂಟು ಗಂಟೆಗೆ ನೆರಳಿನಲ್ಲಿಟ್ಟು, ಮಧ್ಯಾಹ್ನ ಎರಡಕ್ಕೆ ಬೆರಳು ಅದ್ದಿ ನೋಡಬಹುದು.

ಕಟ್ಟುವ ಕ್ರಮ

ಸುಮಾರು 30 ಸೆಂಟಿಮೀಟರ್ ಅಗಲದ ಮಣ್ಣಿನ ತಟ್ಟೆಯನ್ನು ಆರಿಸಿಕೊಳ್ಳಿ. ಒಡೆದ ಹರವಿಯ ತಳವಾದರೆ ಅಂಚನ್ನು ಒರಟುಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಮೊಂಡು ಮಾಡಿರಿ. ತೂತು ಅಥವಾ ಬಿರುಕು ಇದ್ದರೆ ಸಿಮೆಂಟಿನಿಂದ ಮುಚ್ಚಬಹುದು. ಹೊಸ ಸಿಮೆಂಟು ನೀರಿಗೆ ಕ್ಷಾರವನ್ನು ಬಿಡುವುದರಿಂದ, ಒಂದು ವಾರ ನೀರು ತುಂಬಿ ಪ್ರತಿದಿನ ಚೆಲ್ಲಿ ಬದಲಾಯಿಸಿದ ಬಳಿಕವೇ ಅದನ್ನು ಹಕ್ಕಿಗಳಿಗೆ ಒಪ್ಪಿಸತಕ್ಕದ್ದು. ತಟ್ಟೆಯ ತಳ ಸಪಾಟಾಗಿದ್ದರೆ ಮಂಗಳೂರು ಹೆಂಚಿನ ಎರಡು ಚೂರುಗಳನ್ನು ಅಂಚಿನಿಂದ ನಡುವಿಗೆ ಓರೆಯಾಗಿ ಒರಗಿಸಿರಿ. ಜಾರಿ ಬಿದ್ದ ಮರಿಗಾಗಲಿ, ನೀರಿಗೆ ಬಂದ ಅಳಿಲಿಗಾಗಲಿ ಅದೇ ಏಣಿ. ನಡುವೆ ನೀರಿನಿಂದ ಮೇಲೇಳುವ ಒಂದು ಚಪ್ಪಟೆ ಕಲ್ಲನ್ನಿಡಿ.

ಇನ್ನು ಪೀಠ. ನೆಲದಿಂದ ಸುಮಾರು ಒಂದು ಮೀಟರ್ ಎತ್ತರ ಬೇಕು. ಬೋರಲು ಹಾಕಿದ ಎರಡು ಹೂಕುಂಡಗಳು, ಗಟ್ಟಿಯಾದ ಹಳೆಯ ಮುಕ್ಕಾಲಿ, ಮರಳು ತುಂಬಿದ ಡಬ್ಬ ಇವು ಯಾವುವಾದರೂ ಆಗಬಹುದು. ಮಿಕ್ಸಿ ಬಂದ ಮೇಲೆ ಅನೇಕ ಮನೆಗಳಲ್ಲಿ ಒರಳುಕಲ್ಲು ಹಿತ್ತಿಲು ಸೇರಿದೆ. ಅದರ ಗುಳಿಗೇ ನೀರು ತುಂಬುವ ಆಸೆ ಹುಟ್ಟುವುದು ಸಹಜ. ಆದರೆ ಗುಳಿ ಆಳವಾದುದು. ಜಲ್ಲಿ ತುಂಬಿ ಆಳವನ್ನು ತಗ್ಗಿಸಿದರೆ ಜಲ್ಲಿಯ ಸಂದುಗಳ ನೀರನ್ನು ಬಳಿದು ತೊಳೆಯಲಾಗುವುದಿಲ್ಲ. ಗುಳಿಯನ್ನು ಮಣ್ಣಿನಿಂದ ಬಿಗಿಯಾಗಿ ತುಂಬಿ, ಎತ್ತರ ಸಾಲದಿದ್ದರೆ ಕೆಳಗೆ ಇಟ್ಟಿಗೆಯ ಕಟ್ಟೆ ಕಟ್ಟಿ, ಮೇಲೆ ತಟ್ಟೆಯನ್ನಿಟ್ಟರೆ ಅಂತಹ ಸ್ಥಿರವಾದ ಪೀಠ ಇನ್ನೊಂದಿಲ್ಲ.

ಸ್ಥಿರತೆಯ ಲೆಕ್ಕವನ್ನು ಕೇವಲವೆಂದು ತಿಳಿಯಬಾರದು. ಪೀಠದ ತಲೆ 16 ಸೆಂಟಿಮೀಟರ್ ಅಗಲವಿದ್ದು, ಅದರ ಮೇಲೆ 30 ಸೆಂಟಿಮೀಟರಿನ ತಟ್ಟೆ ಇದೆಯೆನ್ನೋಣ. ಆಗ ತಟ್ಟೆಯ ಅಂಚು ಪೀಠದಿಂದ 7 ಸೆಂಟಿಮೀಟರ್ ಆಚೆಗೆ ಚಾಚಿರುತ್ತದೆ. ಸುಮಾರು 300 ಗ್ರಾಂ ತೂಗುವ ಕಾಗೆಯೊಂದು ಅಂಚಿನ ಮೇಲೆ ಬಂದಿಳಿದರೆ ಉರುಳಿಸುವ ಪ್ರಯತ್ನ 300ನ್ನು 7ರಿಂದ ಗುಣಿಸಿದಷ್ಟು, ಎಂದರೆ 2100. ತಡೆಯುವ ಪ್ರಯತ್ನ ತಟ್ಟೆಯ ತೂಕವನ್ನು ಪೀಠದ ತ್ರಿಜ್ಯವಾದ 8ರಿಂದ ಗುಣಿಸಿದಷ್ಟು. ಮಣ್ಣಿನ ತಟ್ಟೆ 2 ಕಿಲೋಗ್ರಾಂ ಇದ್ದರೆ, ನೀರಿಲ್ಲದಿದ್ದರೂ ಇದು 16,000 ಆಗುತ್ತದೆ. ಕಾಗೆ ಏನೂ ಮಾಡಲಾರದು. 200 ಗ್ರಾಮಿನ ಪ್ಲಾಸ್ಟಿಕ್ ತಟ್ಟೆಯಾದರೆ ಇದು ಬರಿಯ 1600. ನೀರು ತುಂಬಿರುವಾಗ ನಿಂತಿದ್ದ ತಟ್ಟೆ, ನೀರು ಬತ್ತಿದ ಮಧ್ಯಾಹ್ನ ಹಕ್ಕಿಯ ಸಮೇತ ಮಗುಚಿಕೊಳ್ಳುತ್ತದೆ.

ಇಡುವ ಸ್ಥಳ

ಮಧ್ಯಾಹ್ನದ ನೆರಳು ಬೀಳುವ ಸ್ಥಳ ಮೊದಲನೆಯ ಅಗತ್ಯ. ಒದ್ದೆಯಾದ ಹಕ್ಕಿ ಚುರುಕಾಗಿ ಹಾರಲಾರದಾದುದರಿಂದ ಎರಡು ಮೂರು ಮೀಟರ್ ದೂರದಲ್ಲಿ ಗಿಡವೋ ಮರವೋ ಇರಬೇಕು. ಅಪಾಯ ಕಂಡೊಡನೆ ಹಾರಿ ಸೇರಲು ಅದು ಆಸರೆ. ಆದರೆ ದಟ್ಟವಾದ ಪೊದೆಯ ಮಗ್ಗುಲಲ್ಲಿಯೇ ಇಟ್ಟರೆ ಅದು ಬೆಕ್ಕಿನ ಹೊಂಚುದಾಣವಾಗುತ್ತದೆ. ದೊಡ್ಡ ಗಾಜಿನ ಕಿಟಕಿಯ ಎದುರಿಗೆ ಇಡುವುದೂ ತಕ್ಕದ್ದಲ್ಲ. ಗಾಜಿನಲ್ಲಿ ಕಾಣುವ ಆಕಾಶವನ್ನು ನಿಜವೆಂದೇ ಭ್ರಮಿಸಿ ಹಕ್ಕಿಗಳು ಅದಕ್ಕೆ ಬಡಿದುಕೊಳ್ಳುತ್ತವೆ.

ತಾನೇ ತುಂಬುವ ಬಟ್ಟಲು

ಒಣ ಬೇಸಗೆಯಲ್ಲಿ ತೆರೆದ ನೀರು ದಿನಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬತ್ತುತ್ತದೆ. ನಮ್ಮ ಬಟ್ಟಲಿನ ಅಳತೆಗೆ ಇದು ಸುಮಾರು 700 ಮಿಲಿಲೀಟರ್. ಹಕ್ಕಿಗಳು ಎರಚಾಡಿ ಚೆಲ್ಲುವುದು ಬೇರೆ. ಇದಕ್ಕೆ ಪರಿಹಾರವಾಗಿ ನೀರು ತುಂಬಿದ ಹಳೆಯ ಸೀಸೆಯೊಂದನ್ನು ತಲೆಕೆಳಗಾಗಿ ಕಟ್ಟಿ, ಅದರ ಬಾಯಿ ಬಟ್ಟಲಿನ ನೀರಿನಲ್ಲಿ ಸ್ವಲ್ಪವೇ ಮುಳುಗಿರುವಂತೆ ಮಾಡಬಹುದು. ವಾಯುಮಂಡಲದ ಒತ್ತಡ ಸುಮಾರು ಹತ್ತು ಮೀಟರ್ ಎತ್ತರದ ನೀರನ್ನು ಎತ್ತಿ ಹಿಡಿಯಬಲ್ಲದಾದುದರಿಂದ ಸೀಸೆಯ ನೀರು ಕೆಳಗೆ ಸುರಿಯುವುದಿಲ್ಲ. ಬಟ್ಟಲಿನ ಮಟ್ಟ ಸೀಸೆಯ ಬಾಯಿಗಿಂತ ಕೆಳಗಿಳಿದಾಗ ಒಂದು ಗುಳ್ಳೆ ಗಾಳಿ ಒಳಗೆ ಹೋಗುತ್ತದೆ; ಅಷ್ಟೇ ನೀರು ಹೊರಗೆ ಬರುತ್ತದೆ.

ನಾನೂ ಇದನ್ನು ಮಾಡಿದೆನು. ಮೊದಲ ದಿನವೇ ಸೀಸೆ ಮಧ್ಯಾಹ್ನಕ್ಕೆ ಮುಂಚೆ ಬಟ್ಟಲನ್ನು ತುಂಬಿ ಹರಿಸಿಬಿಟ್ಟಿತು. ಕಾರಣ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಬಿಸಿಲಿಗೆ ಸೀಸೆಯ ಮೇಲ್ಭಾಗದಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಕಾದು ಹಿಗ್ಗಿ ನೀರನ್ನು ಹೊರಕ್ಕೆ ತಳ್ಳಿದ್ದಿತು. ಸೀಸೆಗೆ ಗೋಣಿಯ ಬಟ್ಟೆ ಸುತ್ತಿ ನೆರಳಿಗೆ ಸರಿಸಿದ ಮೇಲೆ ಎಲ್ಲವೂ ಸರಿಹೋಯಿತು. ಆದರೂ ಒಂದು ವಾರದ ಬಳಿಕ ಸೀಸೆಯನ್ನು ನಾನೇ ಬಿಚ್ಚಿ ತೆಗೆದೆನು. ಬಟ್ಟಲು ತಾನೇ ತುಂಬಿಕೊಳ್ಳುತ್ತಿದ್ದುದರಿಂದ ನಾನು ಅದರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೆನು. ನೀರು ಕಡಿಮೆಯಾಗಿರಲಿಲ್ಲ, ಆದರೆ ಅದು ಹಸಿರುಗಟ್ಟಿ, ಅದರಲ್ಲಿ ಹುಳುಗಳು ಮಿಡುಕುತ್ತಿದ್ದವು.

ಪ್ರತಿದಿನದ ಕೆಲಸ

ಇಲ್ಲಿಗೆ ಮುಖ್ಯವಾದ ಮಾತಿಗೆ ಬಂದಂತಾಯಿತು. ಬಟ್ಟಲನ್ನು ಕಟ್ಟುವುದು ಒಂದು ಸಂಜೆಯ ಕೆಲಸ. ಅದನ್ನು ಶುದ್ಧವಾಗಿಡುವುದು ಇಡೀ ಬೇಸಗೆಯ ಕೆಲಸ. ಎರಡನೆಯದನ್ನು ಮಾಡಲಾರದವರು ಮೊದಲನೆಯದನ್ನು ಮಾಡದಿರುವುದೇ ಮೇಲು.

ಸೊಳ್ಳೆಯ ವಿಚಾರವನ್ನು ನೋಡಿ. ಡೆಂಗಿಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಮನೆಯ ಸುತ್ತಲಿನ ಇಂತಹ ಸಣ್ಣ ನೀರಿನ ನೆಲೆಗಳನ್ನೇ ಹುಡುಕಿಕೊಂಡು ಬರುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ಹವೆಯಲ್ಲಿ ಅದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಪ್ರತಿದಿನ ನೀರನ್ನು ಚೆಲ್ಲಿದರೆ ಹುಳುಗಳು ನಾಶವಾಗುವುದೇನೋ ನಿಜ. ಆದರೆ ಈ ಸೊಳ್ಳೆ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರಬಲ್ಲ ಆ ಮೊಟ್ಟೆಗಳು ಮತ್ತೆ ನೀರು ತಾಗಿದೊಡನೆ ಒಡೆಯುತ್ತವೆ. ಆದುದರಿಂದ ಚೆಲ್ಲುವುದಷ್ಟೇ ಸಾಲದು. ತೆಂಗಿನ ನಾರಿನಿಂದ ಅಂಚನ್ನೂ ಒಳಮೈಯನ್ನೂ ಗಸಗಸನೆ ಉಜ್ಜಬೇಕು. ಮಣ್ಣಿನ ಪಾತ್ರೆಯ ಒರಟುತನಕ್ಕೆ ನಾವು ತೆರಬೇಕಾದ ಬೆಲೆಯಿದು. ಹಿಡಿತ ಹಕ್ಕಿಯ ಕಾಲಿಗೆ ಸಿಗುವಂತೆ ಪಾಚಿಗೂ ಸಿಗುತ್ತದೆ.

ಸೋಪಿನ ಪುಡಿ ಬೇಡ. ಗರಿಗಳ ಮೇಲೆ ನೀರು ಹನಿಯಾಗಿ ಉರುಳಿಹೋಗುವುದು ನೀರಿನ ಮೇಲ್ಮೈ ಬಿಗಿತದಿಂದ ಮತ್ತು ಗರಿಗಳ ಅತಿ ನವುರಾದ ನೆಯ್ಗೆಯಿಂದ. ಸೋಪು ಆ ಬಿಗಿತವನ್ನು ತಗ್ಗಿಸಿ ಗರಿಗಳನ್ನು ಬುಡದವರೆಗೆ ತೋಯಿಸಿಬಿಡುತ್ತದೆ. ಉಜ್ಜಿ, ತೊಳೆದು, ವಾರಕ್ಕೊಮ್ಮೆ ಬಿಸಿಲಿಗೆ ಒಣಗಲಿಟ್ಟರೆ ಸಾಕು.

ರೋಗದ ಭಯವೂ ಕಾಲ್ಪನಿಕವಲ್ಲ. ಮನೆಯಂಗಳದಲ್ಲಿ ಹಕ್ಕಿಗಳಿಗೆ ಕಾಳು ನೀರುಗಳನ್ನಿಡುವ ಹವ್ಯಾಸ ವಿಶೇಷವಾಗಿರುವ ಬ್ರಿಟನ್ನಿನಲ್ಲಿ 2005ರಲ್ಲಿ ಟ್ರೈಕೊಮೊನಸ್ ಎಂಬ ಏಕಕೋಶ ಜೀವಿಯಿಂದ ಬರುವ ಗಂಟಲುರೋಗ ಫಿಂಚ್ ಜಾತಿಯ ಹಕ್ಕಿಗಳಲ್ಲಿ ಕಾಣಿಸಿಕೊಂಡಿತು. ರೋಗಗ್ರಸ್ತ ಹಕ್ಕಿಯ ಜೊಲ್ಲು ಬೆರೆತ ಕಾಳು ನೀರುಗಳ ಮೂಲಕ ಅದು ಹರಡಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆ ಬಹಳವಾಗಿ ಕುಗ್ಗಿಹೋಯಿತು. ಪ್ರೀತಿಯಿಂದಲೇ ಇಟ್ಟ ಬಟ್ಟಲುಗಳು ಅವು. ಪ್ರೀತಿಯೊಂದೇ ಸಾಲದೆಂಬುದಕ್ಕೆ ಇದು ನಿದರ್ಶನ.

ನೀರಿನ ಅಭಾವದ ಕಾಲದಲ್ಲಿ ಇದೆಲ್ಲ ದುಂದುವೆಚ್ಚವಲ್ಲವೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ವಾಹನ ತೊಳೆಯುವುದಕ್ಕೂ ತೋಟಕ್ಕೂ ಬಳಸಕೂಡದೆಂದು ನಿಷೇಧಿಸಬೇಕಾಯಿತು. ಆದರೆ 30 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಆಳದ ಬಟ್ಟಲಿಗೆ ಹಿಡಿಸುವುದು ಸುಮಾರು ಎರಡು ಲೀಟರ್. ಮರುದಿನ ಉಳಿದ ನೀರನ್ನು ತುಳಸಿಯ ಕಟ್ಟೆಗೋ ಹೂಗಿಡಕ್ಕೋ ಹಾಕಿದರೆ ಒಂದು ಹನಿಯೂ ವ್ಯರ್ಥವಲ್ಲ.

ಬರುವ ಅತಿಥಿಗಳು

ಬಟ್ಟಲನ್ನಿಟ್ಟ ದಿನವೇ ಹಕ್ಕಿಗಳು ಬರುವುದಿಲ್ಲ; ಅವು ಹೊಸ ವಸ್ತುವನ್ನು ನಂಬಲು ಕೆಲವು ದಿನಗಳು ಬೇಕು. ಬಂದ ಮೇಲೆ ನೋಡುವವನಿಗೆ ಬೇಸರವೆಂಬುದಿಲ್ಲ. ಗುಬ್ಬಚ್ಚಿ, ಗೊರವಂಕಗಳು ಕೊಕ್ಕಿನಲ್ಲಿ ನೀರು ಮೊಗೆದು ತಲೆಯೆತ್ತಿ ಗಂಟಲಿಗೆ ಇಳಿಸಿಕೊಳ್ಳುತ್ತವೆ. ಪಾರಿವಾಳವೂ ಅದರ ಬಂಧುವಾದ ಬೆಳವವೂ ತಲೆಯೆತ್ತದೆ, ಕೊಕ್ಕನ್ನು ನೀರಿನಲ್ಲಿಟ್ಟು ಒಂದೇ ಸಮನೆ ಹೀರುತ್ತವೆ. ಕಾಗೆ ಒಣ ರೊಟ್ಟಿಯ ಚೂರನ್ನು ತಂದು ನೀರಿನಲ್ಲಿ ನೆನೆಯಿಟ್ಟು ತಿನ್ನುತ್ತದೆ. ಕೆಲವು ಸಲ ರೊಟ್ಟಿಗಿಂತ ಕೆಟ್ಟ ಪದಾರ್ಥವನ್ನೂ ತರುತ್ತದೆ. ಆ ದಿನ ಬಟ್ಟಲನ್ನು ಎರಡು ಸಲ ತೊಳೆಯಬೇಕಷ್ಟೆ. ಗುಬ್ಬಚ್ಚಿಗೆ ನೀರಿನಂತೆ ಧೂಳಿನ ಸ್ನಾನವೂ ಇಷ್ಟವಾದುದರಿಂದ, ಇನ್ನೊಂದು ಹಳೆಯ ತಟ್ಟೆಯಲ್ಲಿ ನುಣ್ಣನೆಯ ಒಣಮಣ್ಣನ್ನು ಹತ್ತಿರದಲ್ಲಿಯೇ ಇಡಬಹುದು.

ಕರೆಯದೆ ಬರುವ ಇನ್ನೊಬ್ಬ ಅತಿಥಿ ಜೇನ್ನೊಣ. ಅದು ನೀರನ್ನು ಒಯ್ಯುವುದು ಕುಡಿಯುವುದಕ್ಕಷ್ಟೇ ಅಲ್ಲ. ಸೆಕೆ ಹೆಚ್ಚಾದಾಗ ಜೇನ್ನೊಣಗಳು ಗೂಡಿನೊಳಗೆ ನೀರಿನ ಸಣ್ಣ ಹನಿಗಳನ್ನು ಹರಡಿ, ರೆಕ್ಕೆಗಳಿಂದ ಗಾಳಿ ಬೀಸಿ, ಅದನ್ನು ಆವಿಯಾಗಿಸಿ ಮರಿಗಳನ್ನು ತಂಪಾಗಿಡುತ್ತವೆ. ಏದುವ ಕಾಗೆ, ಬೆವರುವ ಮಣ್ಣಿನ ಹರವಿ, ಗಾಳಿ ಬೀಸುವ ಜೇನ್ನೊಣ ಈ ಮೂರೂ ಗುಪ್ತೋಷ್ಣದ ಒಂದೇ ನಿಯಮವನ್ನು ನಂಬಿಕೊಂಡು ಬೇಸಗೆಯನ್ನು ಕಳೆಯುತ್ತವೆ. ಜೇನ್ನೊಣಕ್ಕಾಗಿ ನಡುವಿನ ಕಲ್ಲಿನ ಒಂದು ಮಗ್ಗುಲು ನೀರಿಗೆ ಮೆಲ್ಲಗೆ ಇಳಿದಿದ್ದರೆ ಸಾಕು; ಅದೂ ಮುಳುಗದೆ ಕುಡಿದು ಹೋಗುತ್ತದೆ.

ಆ ತಗಡಿನ ತೊಟ್ಟಿಯನ್ನು ನಾನು ಎಸೆಯಲಿಲ್ಲ. ಅದನ್ನು ಬೋರಲು ಹಾಕಿ, ಅದರ ಮೇಲೆ ಒರಳುಕಲ್ಲನ್ನಿಟ್ಟು, ಒರಳಿನ ಮೇಲೆ ಒಡೆದ ಹರವಿಯ ತಳವನ್ನು ಕೂರಿಸಿದ್ದೇನೆ. ಮೂರು ಬೇಸಗೆಗಳಿಂದ ಅದೇ ನಮ್ಮ ಮನೆಯ ಅರವಟ್ಟಿಗೆ. ಗೊರವಂಕಗಳು ಈಗಲೂ ಬರುತ್ತವೆ. ಅವುಗಳ ಮರಿಗಳು ಅಂಚಿನ ಮೇಲೆ ಕುಳಿತು ನೀರಿಗೆ ಬಾಗುವಾಗ ನನ್ನ ಎದೆ ಇಂದಿಗೂ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಅವು ಹೆಂಚಿನ ಚೂರಿನ ಮೇಲೆ ಕಾಲೂರಿ, ಒಂದೊಂದೇ ಹೆಜ್ಜೆ ಇಳಿದು, ಹೊಟ್ಟೆಯವರೆಗೆ ನೀರಿನಲ್ಲಿ ನಿಂತು ರೆಕ್ಕೆ ಬಡಿಯುತ್ತವೆ. ಅವು ಹಾರಿಹೋದ ಮೇಲೆ ನಾನು ತೆಂಗಿನ ನಾರನ್ನು ತೆಗೆದುಕೊಂಡು ಬಟ್ಟಲನ್ನು ಉಜ್ಜಲು ತೊಡಗುತ್ತೇನೆ.